ತೆಗೆದುಹಾಕಿ ಅಂದರೆ ಸಾಲದು

ಬೀದಿಗೆಲ್ಲ ಅವನು ಖಾಲಿರಾಯ. ಬಾಡಿಗೆ ಮನೆ ಬಿಡುವವರು, ಅಂಗಡಿ ಮುಚ್ಚುವವರು, ತೀರಿಕೊಂಡ ದೊಡ್ಡಪ್ಪನ ಕೋಣೆಯ ಬಾಗಿಲು ತೆರೆಯಲು ಧೈರ್ಯ ಸಾಲದೆ ದಿನ ದೂಡಿದವರು, ಎಲ್ಲರೂ ಕೊನೆಗೆ ಬಂದು ತಟ್ಟುತ್ತಿದ್ದದ್ದು ಅವನ ಬಾಗಿಲನ್ನೇ. ತಳ್ಳುಗಾಡಿ ಅವನದು, ಗೋಣಿಚೀಲ ಅವನದು, ಹಗ್ಗ ಅವನದು. ಜೊತೆಗೆ ಬರುವ ಹೆಂಡತಿಯೂ ಅವನದೇ. ಅವಳು ಒಂದೊಂದೇ ಸಾಮಾನನ್ನು ಎತ್ತಿ ಕೊಡುವವಳು, ಅವನು ಹೊರುವವನು. ಮದುವೆಯಾದಂದಿನಿಂದ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರಲ್ಲ. ಅವನು "ಇವಳೇ" ಅನ್ನುತ್ತಿದ್ದ. ಅವಳು "ರೀ" ಅಂದರೆ ಬೀದಿಯಲ್ಲಿದ್ದ ಅರ್ಧ ಗಂಡಸರು ತಿರುಗಿ ನೋಡುತ್ತಿದ್ದರು, ಇವನೊಬ್ಬ ಮಾತ್ರ ತಿರುಗದೆ ಬೆನ್ನಲ್ಲೇ "ಏನೇ" ಅಂತ ಕೇಳುತ್ತಿದ್ದ.

ಕೆಲಸದಲ್ಲಿ ಅವನಿಗೊಂದು ಹಟವಿತ್ತು. ಹೆಂಡತಿ ಎತ್ತಿ ಕೊಟ್ಟ ವಸ್ತುವನ್ನು ಹಿಡಿದು ಹೊಸ್ತಿಲ ಮೇಲೆ ನಿಲ್ಲುತ್ತಿದ್ದ. ಮನೆಯವರ ಮುಖ ನೋಡಿ "ಇದು?" ಅಂತ ಕೇಳುತ್ತಿದ್ದ.

"ಅಯ್ಯೋ, ತೆಗೆದುಹಾಕಪ್ಪ."

"ತೆಗೀತೀನಿ. ಆಮೇಲೆ?"

"ಆಮೇಲೇನು? ತೆಗೆದುಹಾಕು ಅಂದ್ನಲ್ಲ!"

"ತೆಗೆದುಹಾಕಿ ಅಂದ್ರೆ ಸಾಲದು ಸ್ವಾಮಿ. ಬಿಸಾಡ್ಲಾ, ಮಾರ್ಲಾ, ಯಾರಿಗಾದ್ರೂ ಕೊಡ್ಲಾ, ಸುಡ್ಲಾ, ಹೂಳ್ಲಾ? ಬಾಯಿಬಿಟ್ಟು ಒಂದು ಮಾತು ಹೇಳಿ. ಹೇಳಿದ್ದನ್ನೇ ಮಾಡ್ತೀನಿ, ಬೇರೇದು ಮಾಡಲ್ಲ."

ಮಾತು ಸಿಗುವವರೆಗೆ ಆಸಾಮಿ ಹೊಸ್ತಿಲು ಬಿಟ್ಟು ಅಲ್ಲಾಡುತ್ತಿರಲಿಲ್ಲ. ಹರಿದ ದಿಂಬೊಂದನ್ನು ಎದೆಗವಚಿಕೊಂಡು ಕಂಬದ ಹಾಗೆ ನಿಂತವನನ್ನು ಕಂಡು ಎಷ್ಟೋ ಜನ ರೇಗಿದ್ದುಂಟು. ಕೆಲವರು ಆ ಒಂದು ಮಾತು ಹೇಳಹೋಗಿ ಅತ್ತದ್ದೂ ಉಂಟು. ಅತ್ತರೂ ಅವನು ಬಿಡುತ್ತಿರಲಿಲ್ಲ, ಕಾಯುತ್ತಿದ್ದ.

ಈ ಹಟ ಸುಮ್ಮನೆ ಹುಟ್ಟಿದ್ದಲ್ಲ. ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬಾಕೆ ಮೂಲೆ ತೋರಿಸಿ "ಅದನ್ನೆಲ್ಲ ತೆಗೆದುಹಾಕು" ಅಂದಿದ್ದಳು. ಮೂಲೆಯಲ್ಲಿ ಮರದ ತೊಟ್ಟಿಲಿತ್ತು. ಅದನ್ನು ಅಟ್ಟದ ಮೇಲೆ ಹಾಕಲಿ ಅಂತ ಅವಳ ಮನಸ್ಸಿನಲ್ಲಿ. ಇವನು ಸೌದೆ ಮಂಡಿಗೆ ಹಾಕಿ ಬಂದ. ತಿಳಿದ ಮೇಲೆ ಬಿದ್ದಂಬೀಳ ಓಡಿಹೋದ, ಅಷ್ಟರಲ್ಲಿ ತೊಟ್ಟಿಲಿನ ಒಂದು ಕಾಲು ಮಾತ್ರ ಉಳಿದಿತ್ತು. ಆ ಕಾಲನ್ನು ತಂದು ಅವಳ ಮುಂದೆ ನಿಂತಾಗ ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅಂತ ಅವನು ಹೆಂಡತಿಗೆ ಎಷ್ಟೋ ಸಲ ಹೇಳಿದ್ದ.

ಅಂದಿನಿಂದ ಅವನ ತಲೆಯೊಳಗೆ ಒಂದೊಂದು ವಸ್ತುವಿಗೂ ಒಂದೊಂದು ಮಾತು. ಊಟಕ್ಕೆ ಕೂತಾಗ ಅದೇ ಪುರಾಣ. "ಎಸೆಯೋಕೆ ಕೋಪ ಬೇಕು ಕಣೇ, ಬಿಸಾಡೋಕೆ ಬೇಜಾರು ಸಾಕು. ನೀರು ಚೆಲ್ಲು, ಕಾಳು ಸುರಿ, ಧೂಳು ಕೊಡವು. ತುಕ್ಕು ಕೆರೀಬೇಕು. ಅದನ್ನ ಯಾರಾದ್ರೂ ಕೊಡವ್ತಾರಾ? ಮೊನ್ನೆ ಆ ಮೇಷ್ಟ್ರು ಹಳೇ ಎಣ್ಣೆ ಎಸೀರಿ ಅಂದ್ರಲ್ಲ, ಎಣ್ಣೇನ ಹೇಗೇ ಎಸೆಯೋದು?" ಹೆಂಡತಿ ನಗುತ್ತಾ ಸಾರು ಬಡಿಸುತ್ತಿದ್ದಳು. ಒಮ್ಮೊಮ್ಮೆ ತುತ್ತು ಕೈಯಲ್ಲೇ ಹಿಡಿದು ಬೇರೆ ದಾರಿಗೆ ಹೊರಳುತ್ತಿದ್ದ. "ಮನುಷ್ಯರ ವಿಷಯಕ್ಕೆ ಬಂದ್ರೆ ನೋಡು, ಬಿಸಾಡ್ತೀನಿ ಅಂತ ಯಾವನೂ ಅನ್ನಲ್ಲ. ಸಾಗಹಾಕ್ತಾರೆ, ದೂರ ಇಡ್ತಾರೆ, ಕೈ ತೊಳ್ಕೋತಾರೆ, ಕಳಚ್ಕೋತಾರೆ. ಮಾತು ಮಾತ್ರ ಬೆಣ್ಣೆ ಹಾಗಿರುತ್ತೆ."

ಒಂದು ಮಾತಿಗೆ ಮಾತ್ರ ಅವನ ಹತ್ತಿರ ಜಾಗವಿರಲಿಲ್ಲ. ಗಾಡಿ ತುಂಬುವ ಹೊತ್ತಿಗೆ ಯಾರಾದರೂ ಮನಸ್ಸು ಬದಲಾಯಿಸಿ "ಅದನ್ನ ಇಟ್ಕೋತೀನಿ" ಅಂದರೆ ಹುಬ್ಬು ಗಂಟಿಕ್ಕುತ್ತಿದ್ದ. "ಇಟ್ಕೊಳ್ಳೋದನ್ನ ನಾನು ಬರೋಕೆ ಮುಂಚೆ ಇಟ್ಕೋಬೇಕಿತ್ತು. ನಾನು ಹೊಸ್ತಿಲು ತುಳಿದ ಮೇಲೆ ಆ ಮಾತಿಲ್ಲ." ಮನಸ್ಸು ಬದಲಾಯಿಸಿದವರ ಮನೆ ಖಾಲಿ ಮಾಡುವುದರಲ್ಲಿ ಜೀವ ಹೋಗುತ್ತದೆ ಅನ್ನುವುದು ಅವನ ಅನುಭವ. ಹಾಗಾಗಿ ಬೀದಿಯವರೆಲ್ಲ ಅವನನ್ನು ಕರೆಸುವ ಮುಂಚೆ ಬೇಕಾದದ್ದನ್ನೆಲ್ಲ ಮಂಚದ ಕೆಳಗೆ ತಳ್ಳಿ ಬಚ್ಚಿಡುತ್ತಿದ್ದರು.

ಇಂಥವನು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಚ್ಚಲ ಗೋಡೆಗೆ ಒರಗಿ ಹಾಗೇ ಜಾರಿ ಕುಳಿತ. ಆಸ್ಪತ್ರೆಯಿಂದ ವಾಪಸ್ ಬರುವಾಗ ಬಲಗೈ ಜೋತುಬಿದ್ದಿತ್ತು, ಬಲಗಾಲನ್ನು ಎಳೆದು ಇಡಬೇಕಿತ್ತು. ಅದಾದರೂ ಹೋಗಲಿ. ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಬಾಯಲ್ಲಿ "ಅದು" ಅನ್ನುವ ಒಂದೇ ಮಾತು ಉಳಿದಿತ್ತು. ಹಸಿದರೂ ಅದು, ನೀರು ಬೇಕಾದರೂ ಅದು, ಸಿಟ್ಟು ಬಂದರೂ ಅದು. ಡಾಕ್ಟರು ಒಳ್ಳೆಯವಳು, ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದಳು: "ತಲೆಯೊಳಗೆ ಮಾತಿನ ಜಾಗಕ್ಕೆ ರಕ್ತ ಹೋಗೋದು ನಿಂತಿತ್ತಮ್ಮ. ಎಷ್ಟು ವಾಪಸ್ ಬರುತ್ತೆ ಅಂತ ನಾನೂ ಹೇಳಲಾರೆ. ಮಾತಾಡಿಸ್ತಾ ಇರಿ."

ಹೆಂಡತಿ ಮಾತಾಡಿಸಿದಳು. ಚಮಚ ಹಿಡಿದು "ಇದೇನು ಹೇಳಿ" ಅಂದಳು. ಬೀಗ ಹಿಡಿದಳು, ಬಾಚಣಿಗೆ ಹಿಡಿದಳು, ಕೊನೆಗೆ ತನ್ನ ಮೂಗನ್ನೇ ಹಿಡಿದು ತೋರಿಸಿದಳು. "ಅದು," ಅಂದ ಅವನು. ಹೇಳಲಾಗದ್ದಕ್ಕೆ ಅವನ ಕಣ್ಣಲ್ಲಿ ನೀರು ತುಂಬಿತು. ಆ ನೀರನ್ನು ನೋಡಲಾರದೆ ಅವಳು ಚಮಚವನ್ನು ಒಳಗಿಟ್ಟು ಕೇಳುವುದನ್ನೇ ಬಿಟ್ಟಳು.

ಮನೆ ನಡೆಯಬೇಕಲ್ಲ, ಅವಳೊಬ್ಬಳೇ ಸಣ್ಣಪುಟ್ಟ ಕೆಲಸ ಹಿಡಿದಳು. ಗಂಡನನ್ನು ಪಕ್ಕದ ಮನೆಯವರ ಕಣ್ಣಿಗೆ ಒಪ್ಪಿಸಿ ಹೋಗುವುದು, ಗಾಡಿ ತಳ್ಳುವುದು, ಓಡೋಡಿ ಬಂದು ಅವನ ಬಟ್ಟೆ ಬದಲಾಯಿಸುವುದು. ಅವಳ ಸೊಂಟ ಬಿದ್ದುಹೋಯಿತು. ಆಗ ಗಂಡನ ಅಕ್ಕ, ಅಂದರೆ ಅವಳ ಅತ್ತಿಗೆ, ದೊಡ್ಡ ಬ್ಯಾಗು ಮತ್ತು ಅದಕ್ಕಿಂತ ದೊಡ್ಡ ಬಾಯಿಯೊಂದಿಗೆ ಬಂದಿಳಿದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಬಾಯಿ ಜೋರು, ಕರುಳು ಮೆತ್ತಗೆ. ತಮ್ಮನ ಎದುರಿಗೇ ಕೂತು ಮಾತು ತೆಗೆದಳು.

"ಇವನನ್ನ ಎಷ್ಟು ದಿನ ಅಂತ ಹೊರ್ತೀಯ? ನೀನೂ ಮಲಗಿಬಿಟ್ರೆ ಯಾರು ದಿಕ್ಕು? ಇಂಥವರನ್ನ ನೋಡ್ಕೊಳ್ಳೋ ಒಂದು ಮನೆ ಇದೆ, ನಾನೇ ಹೋಗಿ ನೋಡಿ ಬಂದೆ, ಚೊಕ್ಕವಾಗಿದೆ. ಅಲ್ಲಿ ಬಿಟ್ಟುಬರೋಣ."

"ಅವರ ಮುಂದೇನೇ..." ಅಂದಳು ಹೆಂಡತಿ.

"ಅವನಿಗೇನು ತಿಳಿಯುತ್ತೆ ಪಾಪ. ಅವನು ಇಲ್ಲಿದ್ರೂ ಒಂದೇ, ಅಲ್ಲಿದ್ರೂ ಒಂದೇ."

ಹೆಂಡತಿ ಗಂಡನ ಮುಖ ನೋಡಿದಳು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ತಿಳಿಯುತ್ತದೋ ಇಲ್ಲವೋ ಅವಳಿಗೂ ಗೊತ್ತಾಗಲಿಲ್ಲ. ಅದೊಂದು ಗೊತ್ತಾಗಿದ್ದರೆ ಸೊಂಟ ಮುರಿದರೂ ಹೊರುತ್ತಿದ್ದಳು. ಗೊತ್ತಾಗದೆ, ದಣಿದು, ಕೈಚೆಲ್ಲಿ ಕೂತವಳ ಬಾಯಿಂದ "ಹೂಂ" ಅಂತ ಹೊರಬಿತ್ತು. ಅತ್ತಿಗೆ ಅಂದೇ ಆ ಮನೆಗೆ ಹೋಗಿ ನಾಡಿದ್ದು ಕರೆತರುತ್ತೇವೆ ಅಂತ ಹೇಳಿ ಬಂದಳು.

ನಡುವಿನ ದಿನಕ್ಕೆ ಒಂದು ಕೆಲಸ ಒಪ್ಪಿಕೊಂಡಾಗಿತ್ತು. ಎರಡು ಬೀದಿ ಆಚೆಯ ಮುದುಕ ದರ್ಜಿ ಕಣ್ಣು ಮಂಜಾಗಿ ಅಂಗಡಿ ಮುಚ್ಚುತ್ತಿದ್ದ. ಸೊಂಟ ಬಿದ್ದವಳನ್ನು ಒಬ್ಬಳನ್ನೇ ಕಳಿಸಲು ಅತ್ತಿಗೆ ಒಪ್ಪಲಿಲ್ಲ, ಪಕ್ಕದ ಮನೆಯವರು ಊರಲ್ಲಿಲ್ಲ, ಗಂಡನನ್ನು ಬಿಟ್ಟುಹೋಗುವ ಹಾಗಿಲ್ಲ. ಸರಿ, ಗಂಡನನ್ನು ಗಾಡಿಯ ಮೇಲೆ ಗೋಣಿಚೀಲಗಳ ನಡುವೆ ಕೂರಿಸಿದಳು. ಅತ್ತಿಗೆ ಚಹಾದ ಫ್ಲಾಸ್ಕು ಹಿಡಿದು, ಕಿತ್ತುಹೋದ ಚಪ್ಪಲಿ ಎಳೆದುಕೊಂಡು, ದಾರಿಯುದ್ದಕ್ಕೂ ಗೊಣಗುತ್ತಾ ಹಿಂದೆ ಬಂದಳು. "ಸಾಮಾನು ತರೋ ಗಾಡೀಲಿ ಸಾಮಾನಿನ ಹಾಗೆ ಕೂತಿದ್ದಾನೆ ನೋಡು ನನ್ನ ತಮ್ಮ," ಅಂದಳು, ಅಂದವಳೇ ಮೂಗು ಒರೆಸಿಕೊಂಡಳು.

ಅಂಗಡಿ ಅಂದರೆ ಒಂದೇ ಕೋಣೆ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ಮೇಲೆ ಸೀಮೆಸುಣ್ಣದ ನೀಲಿ ಗೆರೆಗಳು. ಪಾದರಸ ಉದುರಿದ ನಿಲುವುಗನ್ನಡಿ. ಗೋಡೆಗೆ ಒಂದರ ಮೇಲೊಂದು ಅಂಟಿಸಿದ ಕೋಟುಬೂಟಿನ ಗಂಡಸರ ಚಿತ್ರಗಳು. ನೆಲದ ಬಿರುಕುಗಳಲ್ಲಿ ಗುಂಡುಸೂಜಿ. ಹೊಲಿಗೆ ಯಂತ್ರವನ್ನು ಯಾರೋ ಆಗಲೇ ಒಯ್ದಿದ್ದರು, ಅದರ ಪಾದ ಇದ್ದ ಕಡೆ ನೆಲ ನುಣ್ಣಗೆ ಹೊಳೆಯುತ್ತಿತ್ತು. ಗಂಡನನ್ನು ಬಾಗಿಲ ಬಳಿ ದರ್ಜಿಯ ಸ್ಟೂಲಿನ ಮೇಲೆ ಕೂರಿಸಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲು ಕೈಗೆ ಬಂದದ್ದು ಯಂತ್ರದ ಎಣ್ಣೆಯ ಡಬ್ಬಿ.

"ಅದನ್ನ ಬಿಸಾಡಮ್ಮ," ಅಂದ ದರ್ಜಿ.

ಅವಳು ಡಬ್ಬಿಯನ್ನು ಗಾಡಿಯ ಕಡೆ ಒಯ್ಯುತ್ತಿದ್ದಳು. ಸ್ಟೂಲಿನ ಕಡೆಯಿಂದ ಒಂದು ಸದ್ದು ಬಂತು. ಕೆಮ್ಮಿದರೇನೋ ಅಂದುಕೊಂಡಳು. ಸದ್ದು ಮತ್ತೆ ಬಂತು.

"ಬಸಿ."

ಅವಳು ಅಲ್ಲೇ ನಿಂತು ತಿರುಗಿದಳು. ಗಂಡನ ತುಟಿ ಒಂದು ಕಡೆ ಸೊಟ್ಟಗೆ, ಕಣ್ಣು ಮಾತ್ರ ಡಬ್ಬಿಯ ಮೇಲೆ ನೆಟ್ಟಗೆ. ಹೌದಲ್ಲ! ಡಬ್ಬಿಯಲ್ಲಿ ಎಣ್ಣೆ ಕುಲುಕುತ್ತಿತ್ತು. ಮೊದಲು ಬಸಿಯಬೇಕು, ಇಲ್ಲದಿದ್ದರೆ ಗಾಡಿಯೆಲ್ಲ ರಾಡಿ. ಒಮ್ಮೆ ಹಾಗಾಗಿ ಇಡೀ ದಿನ ತೊಳೆದಿದ್ದರು, ಇಬ್ಬರೂ ಸೇರಿ, ಜಗಳವಾಡುತ್ತಾ.

"ಏನಂದ್ರಿ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಬಸಿ," ಅಂದ ಅವನು, ಸ್ವಲ್ಪ ರೇಗಿ. ಎಷ್ಟು ಸಲ ಹೇಳಬೇಕು ಅನ್ನುವ ಹಳೆಯ ರೇಗು ಅದರಲ್ಲಿತ್ತು.

ಅವಳು ಡಬ್ಬಿ ಕೆಳಗಿಟ್ಟಳು. ಉಸಿರು ಬಿಟ್ಟರೆ ಎಲ್ಲಿ ಮಾಯವಾಗಿಬಿಡುತ್ತದೋ ಅನ್ನುವ ಹೆದರಿಕೆಯಲ್ಲಿ ಮೆಲ್ಲಗೆ ಕಿಟಕಿಯ ಪರದೆ ಎಳೆದು ಅವನ ಮುಂದೆ ಹಿಡಿದಳು. ಧೂಳು ಬಿಸಿಲಲ್ಲಿ ಎದ್ದಿತು.

"ಕೊಡವು."

ಸೂಜಿ ಚುಚ್ಚಿಡುವ ಪುಟ್ಟ ದಿಂಬು ಹಿಡಿದಳು. "ಕೀಳು." ಗುಂಡಿಗಳ ಡಬ್ಬ ಹಿಡಿದಳು. "ಸುರಿ." ಗೋಡೆಯ ಚಿತ್ರಗಳ ಕಡೆ ಬೆರಳು ತೋರಿಸಿದಳು. ಅವನು ಗೋಡೆಯನ್ನು ಒಂದು ಗಳಿಗೆ ಅಳೆದು ನೋಡಿ, ಅಂಟು ಹಳೆಯದಾಯಿತು, ಕಿತ್ತರೆ ಬರುವುದಿಲ್ಲ ಅಂತ ಲೆಕ್ಕ ಹಾಕಿದವನ ಹಾಗೆ, "ಹೆರೆ" ಅಂದ.

ಅವಳು ಡಬ್ಬದಿಂದ ಒಂದು ಗುಂಡಿ ಎತ್ತಿದಳು. "ಇದಕ್ಕೇನಂತಾರೆ ಹೇಳಿ?"

ಅವನ ಮುಖ ಬಾಡಿತು. "ಅದು... ಅದು..."

ಆಗ ಅವಳಿಗೆ ಎಲ್ಲ ತಿಳಿಯಿತು. ಎಂಥ ಪೆದ್ದಿ ತಾನು! ಇಷ್ಟು ದಿನ ಅವನನ್ನು ಹೆಸರು ಕೇಳಿದ್ದಳು. ವಸ್ತುಗಳ ಹೆಸರಿಗೆ ಈ ಮನುಷ್ಯ ಯಾವತ್ತು ತಲೆಕೆಡಿಸಿಕೊಂಡಿದ್ದ? ಕಟ್ಟಿಕೊಂಡ ಹೆಂಡತಿಯನ್ನೇ ಹೆಸರು ಹಿಡಿದು ಕರೆದವನಲ್ಲ. ಏನು ಮಾಡಲಿ ಅಂತ ಕೇಳುವುದರಲ್ಲೇ ಅವನ ಜೀವಮಾನ ಕಳೆದಿತ್ತು. ಸಾಮಾನೆಲ್ಲ ಹೊತ್ತೊಯ್ದ ಮೇಲೂ ಮನೆಯ ಗೋಡೆಯಲ್ಲಿ ಮೊಳೆಗಳು ಉಳಿಯುತ್ತವೆ. ಯಾವುದು ಎಲ್ಲಿ ತೂಗುತ್ತಿತ್ತು ಅಂತ ಅವನ್ನು ನೋಡಿದರೆ ತಿಳಿಯುತ್ತದೆ. ಹೆಸರುಗಳೆಲ್ಲ ಹೋದರೂ ಅವನ ತಲೆಯೊಳಗೆ ಮಾಡುವ ಮಾತಿನ ಮೊಳೆಗಳೆಲ್ಲ ಹೊಡೆದಲ್ಲೇ ಗಟ್ಟಿಯಾಗಿ ನಿಂತಿದ್ದವು. ಅಂಥದ್ದೊಂದು ಇರುತ್ತದೆ ಅಂತ ಅವಳು ಕನಸಲ್ಲೂ ಎಣಿಸಿರಲಿಲ್ಲ. ಎಷ್ಟೋ ಮನೆಗಳ ಒಳಗನ್ನು ಕಂಡವಳು, ತನ್ನ ಗಂಡನ ಒಳಗನ್ನು ಈಗ ಮೊದಲ ಸಲ ಕಂಡ ಹಾಗೆ ಬೆರಗಾಗಿ ನಿಂತಳು.

ಅತ್ತಿಗೆ ಫ್ಲಾಸ್ಕಿನ ಮುಚ್ಚಳ ಕೈಯಲ್ಲಿ ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದಳು. "ಏ, ಏನೋ ಬಾಯಿಗೆ ಬಂದದ್ದು ಅಂತಿದ್ದಾನೆ. ಅದೇನು ತಿಳಿದು ಅಂತಿದ್ದಾನಾ?" ಅಂದಳು. ಅಂದವಳು ಸುಮ್ಮನಿರದೆ ತನ್ನ ಕಿತ್ತುಹೋದ ಚಪ್ಪಲಿ ಬಿಚ್ಚಿ ಅವನ ಮುಂದೆ ಎತ್ತಿ ಹಿಡಿದಳು. ಬಿಸಾಡು ಅನ್ನುತ್ತಾನೆ ಅಂತ ಎಲ್ಲರೂ ಕಾದರು.

ಅವನು ಚಪ್ಪಲಿಯ ಬಾರನ್ನು ನೋಡಿದ, ಅಟ್ಟೆಯನ್ನು ನೋಡಿದ. "ಹೊಲಿಸು."

"ಅಯ್ಯೋ ನನ್ನಪ್ಪ!" ಅಂತ ಅತ್ತಿಗೆ ಚಿಂದಿ ಮೂಟೆಯ ಮೇಲೆ ಧೊಪ್ಪನೆ ಕೂತಳು. "ಇದೇ ಮಾತು ನಾನು ಮನೆ ಬಿಡುವಾಗ ನನ್ನ ಮಗ ಅಂದ, ನಾನು ಕೇಳಿರಲಿಲ್ಲ." 

ಕೆಲಸ ಸಾಗಿತು. ಹೆಂಡತಿ ಒಂದೊಂದೇ ವಸ್ತು ಹಿಡಿಯುವಳು, ಅವನು ಹೇಳುವನು. ದರ್ಜಿ ಹೂಂ ಅಂತ ತಲೆಯಾಡಿಸುವನು. ಕೆಲವು ಮಾತು ತಡವಾಗಿ ಬಂದವು, ಕೆಲವು ಅರ್ಧ ಮುರಿದು ಬಂದವು. ಒಂದು ಸಲ ಕನ್ನಡಿಗೆ "ಚೆಲ್ಲು" ಅಂದುಬಿಟ್ಟ, ತಾನೇ ತಲೆ ಕೊಡವಿ ತುಂಬ ಹೊತ್ತು ಹೆಣಗಿ "ಸುತ್ತು" ಅಂದ. ಸರಿಯೇ, ಗೋಣಿಯಲ್ಲಿ ಸುತ್ತದೆ ಆಳೆತ್ತರದ ಕನ್ನಡಿಯನ್ನು ಯಾರು ಹೊರುತ್ತಾರೆ? 

ಕೊನೆಗೆ ಕಪಾಟು ಉಳಿಯಿತು. ಬಾಗಿಲು ತೆರೆದರೆ ಒಳಗೆ ಹೊಲಿದು ಇಸ್ತ್ರಿ ಮಾಡಿಟ್ಟ ಬಟ್ಟೆಗಳು, ಹೊಲಿಯಲು ಕೊಟ್ಟವರು ವಾಪಸ್ ಬಾರದೆ ಉಳಿದವು. ದರ್ಜಿ ಒಂದೊಂದನ್ನೂ ಮುಟ್ಟಿ ನೋಡಿದ. ಮಂಜುಗಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತಿತ್ತು. "ಇದು ಎಡಭುಜ ತಗ್ಗಿದ್ದೋರದು. ಇದು ಬಸುರಿ ಹೆಂಗಸಿನದು, ಹೊಲಿಗೆ ಬಿಚ್ಚೋ ಹಾಗೆ ಒಳಗೆ ಜಾಸ್ತಿ ಬಟ್ಟೆ ಬಿಟ್ಟಿದ್ದೆ. ಬಿಸಾಡು ಅನ್ನೋಕೆ ಬಾಯಿ ಬರಲ್ಲಮ್ಮ. ಮಾರು ಅಂದ್ರೆ, ನಂದಲ್ಲ. ಕೊಡು ಅಂದ್ರೂ ನಂದಲ್ಲವಲ್ಲ." ಅವನು ಸ್ಟೂಲಿನ ಕಡೆ ತಿರುಗಿದ. "ನೀನೇ ಹೇಳಪ್ಪ."

 ಖಾಲಿರಾಯನ ಹಣೆಯಲ್ಲಿ ಬೆವರು ಮೂಡಿತು. ಎಡಗೈ ಬಟ್ಟೆಗಳ ಕಡೆ ಚಾಚಿ, ಆಮೇಲೆ ಬೀದಿಯ ಕಡೆ ಚಾಚಿತು.

"ಮು... ಮುಟ್ಟಿಸು."

ದರ್ಜಿಗೆ ಒಮ್ಮೆಲೇ ಅರ್ಥವಾಯಿತು. "ಹೂಂ. ಅವರು ಬರಲಿಲ್ಲ ಅಂದ್ರೆ ನಾವೇ ಹೋಗ್ಬೇಕಿತ್ತು," ಅಂದ. "ಮನೆಗಳು ನನಗೆ ಗೊತ್ತು. ನಾನೂ ಗಾಡಿ ಜೊತೆ ಬರ್ತೀನಿ." ಬಟ್ಟೆಗಳನ್ನು ಮಡಿಚಿಡುವಾಗ ಮುದುಕನ ಕೈ ಹಗುರವಾಗಿತ್ತು.

ಸ್ಟೂಲು, ಚಿಂದಿ ಮೂಟೆ ಬಿಟ್ಟು ಕೋಣೆ ಖಾಲಿಯಾಯಿತು. ದರ್ಜಿ ಬೀಗ ತರಲು ಹಿತ್ತಲಿಗೆ ಹೋದ. ಅತ್ತಿಗೆ ಫ್ಲಾಸ್ಕು ಮುಚ್ಚಿ, ತಮ್ಮನಿಗೆ ಕೇಳಿಸದ ಹಾಗೆ ಅಂದುಕೊಂಡು, ಅವಳ ಮಟ್ಟಿಗೆ ಪಿಸುಮಾತಿನಲ್ಲಿ ಹೇಳಿದಳು: "ನಾಳೆ ಕರ್ಕೊಂಡು ಬರ್ತೀವಿ ಅಂತ ಆ ಮನೆಯವರಿಗೆ ಹೇಳಿಬಿಟ್ಟಿದೀನಲ್ಲೇ. ಈಗೇನು ಮಾಡೋದು?"

ಅವಳ ಪಿಸುಮಾತು ಬೀದಿಗೆಲ್ಲ ಕೇಳಿಸುವಂಥದ್ದು. ಸ್ಟೂಲಿನ ಮೇಲಿದ್ದವನು ತಲೆಯೆತ್ತಿದ. ಹೆಂಡತಿಯನ್ನು ನೋಡಿದ. ಎಡಗೈಯನ್ನು ಮೆಲ್ಲಗೆ ಎತ್ತಿ ತನ್ನ ಎದೆಯ ಮೇಲೆ ಇಟ್ಟುಕೊಂಡ.

"ಇದು?"

ಕಾಯಿಲೆ ಬಿದ್ದ ಮೇಲೆ ಆ ಮಾತು ಅವನ ಬಾಯಲ್ಲಿ ಮೊದಲ ಸಲ ಬಂತು. ದನಿ ಅದೇ ಹಳೆಯದು. ಕೋಪವಿಲ್ಲ, ಅಳುವಿಲ್ಲ, ಮನೆಯವರ ಮುಖ ನೋಡಿ ಹೊಸ್ತಿಲ ಮೇಲೆ ನಿಂತು ಜೀವಮಾನವೆಲ್ಲ ಕೇಳಿದ ಪ್ರಶ್ನೆ ಅದು.

ಅಂದರೆ ಅವನಿಗೆ ಎಲ್ಲ ತಿಳಿದಿತ್ತು. ಕಿಟಕಿಯ ಕಡೆ ನೋಡುತ್ತಾ ಕೂತಿದ್ದಾಗಲೂ ತಿಳಿದಿತ್ತು. ಬಿಟ್ಟುಬರೋಣ ಅಂದದ್ದು ಕೇಳಿತ್ತು, ಹೂಂ ಅಂದದ್ದೂ ಕೇಳಿತ್ತು.  ಯಾವ ಮಾತು ಹೇಳಲಿ? ಬಿಟ್ಟುಬರ್ತೀನಿ, ಸೇರಿಸ್ತೀನಿ, ಕಳಿಸ್ತೀನಿ, ಎಲ್ಲವೂ ಬೆಣ್ಣೆಯ ಹಾಗಿದ್ದವು, ಎಲ್ಲದರ ಒಳಗೂ ಏನಿದೆ ಅಂತ ಊಟದ ತಟ್ಟೆಯ ಮುಂದೆ ಅವನೇ ಅವಳಿಗೆ ಹೇಳಿಕೊಟ್ಟಿದ್ದ. ಅವಳಿಗೆ ಅಳು ಬಂತು. ಅವನು ಕಾದ. ಅಳುವವರ ಮುಂದೆ ಕಾದು ಅವನಿಗೆ ಅಭ್ಯಾಸವಿತ್ತು.

"ಇಟ್ಕೋತೀನಿ," ಅಂದಳು ಅವಳು.

ಅವನ ಎಡಹುಬ್ಬು ಗಂಟಿಕ್ಕಿತು. ಹೊಸ್ತಿಲು ತುಳಿದ ಮೇಲೆ ಆ ಮಾತಿಲ್ಲ ಅನ್ನುವುದು ಹುಬ್ಬಿನಲ್ಲೇ ಇತ್ತು.

"ನಿಮ್ಮ ಕಾನೂನು ನಿಮ್ಮ ಹತ್ರಾನೇ ಇರಲಿ!" ಅವಳು ಅಳುತ್ತಲೇ ಗದರಿದಳು. "ಇಟ್ಕೋತೀನಿ ಅಂದ್ರೆ ಇಟ್ಕೋತೀನಿ. ನಾಳೆಯಿಂದ ಎಲ್ಲಾ ಕೆಲಸಕ್ಕೂ ನೀವು ಬಾಗಿಲಲ್ಲಿ ಕೂತಿರಬೇಕು, ನಾನೊಬ್ಬಳೇ ಹೊರಲ್ಲ."

ಅವನ ಹುಬ್ಬು ಸಡಿಲವಾಯಿತು. ಆಮೇಲೆ ಮನೆಯವರು ಮಾತು ಕೊಟ್ಟಾಗ ಆಡಿಸುತ್ತಿದ್ದ ಹಾಗೆ ಒಂದೇ ಒಂದು ಸಲ ತಲೆಯಾಡಿಸಿದ. ಆಡಿಸಿ, ಕೆಲಸ ಇನ್ನೂ ಉಳಿದಿದೆ ಅನ್ನುವವನಂತೆ, ಚಿಂದಿ ಮೂಟೆಯ ಮೇಲೆ ಒಂಟಿ ಚಪ್ಪಲಿ ಹಿಡಿದು ಬಿಕ್ಕುತ್ತಿದ್ದ ಅಕ್ಕನ ಕಡೆ ಬೆರಳು ತೋರಿಸಿದ.

"ಇದು?"

ಅತ್ತಿಗೆ ಅಳುವುದೋ ನಗುವುದೋ ತಿಳಿಯದೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನನ್ನನ್ನ ಮನೆಗೆ ಮುಟ್ಟಿಸೋ ಮಾರಾಯ," ಅಂದಳು. "ದಾರೀಲಿ ಆ ಜಾಗದವರಿಗೆ ನೀನು ಬರಲ್ಲ ಅಂತ ನಾನೇ ಹೇಳ್ತೀನಿ."

ಮಾತು ಸಿಕ್ಕಿತು. ಖಾಲಿರಾಯ ಸ್ಟೂಲಿನಿಂದ ಎದ್ದು, ಬಲಗಾಲನ್ನು ಎಳೆದುಕೊಂಡು ಹೋಗಿ, ಎಡಗೈಯನ್ನು ಗಾಡಿಯ ಹಿಡಿಗೆ ಹಾಕಿದ.